ಎಡಗೈ ಪದಗಳು

ಮೊನ್ನೆ ನಮ್ಮ ಕಾಲೇಜು ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಪ್ರಶ್ನೆ ಹಾಕಿದ್ದ. "ಕೀಬೋರ್ಡಿನ ಮೇಲಿನ ಸಾಲಿನ ಅಕ್ಷರಗಳನ್ನಷ್ಟೇ ಬಳಸಿ ಬರೆಯಬಹುದಾದ ಅತಿ ಉದ್ದದ ಇಂಗ್ಲಿಷ್ ಪದ ಯಾವುದು?" ಎರಡೇ ನಿಮಿಷದಲ್ಲಿ ಐದಾರು ಜನ 'ಟೈಪ್‌ರೈಟರ್' ಅಂತ ಉತ್ತರ ಕೊಟ್ಟರು. ಹತ್ತು ಅಕ್ಷರ. ನಾನು 'ರಪ್ಚರ್‌ವರ್ಟ್' ಅಂತ ಹಾಕಿದೆ. ಹನ್ನೊಂದು ಅಕ್ಷರ. ಆರ್ ಯು ಪಿ ಟಿ ಯು ಆರ್ ಇ ಡಬ್ಲ್ಯು ಓ ಆರ್ ಟಿ... ಬೇಕಾದರೆ ನೀವೂ ಕೀಬೋರ್ಡ್ ನೋಡಿ ಎಣಿಸಿಕೊಳ್ಳಿ. ನೆಲಕ್ಕಂಟಿಕೊಂಡು ಬೆಳೆಯುವ ಒಂದು ಪುಟ್ಟ ಗಿಡದ ಹೆಸರು ಅದು. ಹರ್ನಿಯಾಕ್ಕೆ ಮದ್ದು ಅಂತ ಯೂರೋಪಿನವರು ಒಂದು ಕಾಲದಲ್ಲಿ ನಂಬಿದ್ದರಿಂದ ಆ ಹೆಸರು ಬಂತು.

"ಇದನ್ನೆಲ್ಲಿಂದ ಹಿಡ್ಕೊಂಡು ಬಂದ್ಯೋ ಮಾರಾಯ, ಗೂಗಲ್ ಮಾಡಿದ್ಯಾ?" ಅಂತ ಎಲ್ಲರೂ ಕಾಲೆಳೆದರು. ನಾನು ಒಂದು ಸ್ಮೈಲಿ ಹಾಕಿ ಸುಮ್ಮನಾದೆ. ಅಲ್ಲಿ ಬರೆಯುವಷ್ಟು ಚಿಕ್ಕ ಕತೆಯಲ್ಲ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಪ್ಪ ಟೈಪಿಸ್ಟ್. ಸರ್ಕಾರಿ ನೌಕರಿಯಲ್ಲ. ನಮ್ಮೂರಿನ ಕೋರ್ಟಿನ ಎದುರಿಗೆ ಒಂದು ಅಂಗಡಿಯ ಜಗುಲಿ, ಅಲ್ಲಿ ಒಂದು ಮೇಜು, ಮೇಜಿನ ಮೇಲೆ ನನಗಿಂತ ಹಳೆಯ ಒಂದು ರೆಮಿಂಗ್ಟನ್. ಲಾಯರುಗಳು ಕೈಬರಹದಲ್ಲಿ ಗೀಚಿ ಕೊಟ್ಟದ್ದನ್ನು ಪುಟಕ್ಕೆ ಇಷ್ಟು ಅಂತ ಟೈಪ್ ಮಾಡಿಕೊಡುವುದು, ಕಾರ್ಬನ್ ಹಾಕಿ ಮೂರು ಪ್ರತಿ ತೆಗೆಯುವುದು. ಅದರಲ್ಲೇ ನನ್ನ ಮತ್ತು ಅಕ್ಕನ ಓದು, ಅಕ್ಕನ ಮದುವೆ ಎಲ್ಲ ಆಯಿತು. ನಾನು ಇಂಜಿನಿಯರಿಂಗ್ ಸೇರುವಾಗ ಫಾರಮ್ಮಿನಲ್ಲಿ ತಂದೆಯ ಉದ್ಯೋಗ ಅಂತಿದ್ದ ಕಡೆ 'ಖಾಸಗಿ ನೌಕರಿ' ಅಂತ ಬರೆದಿದ್ದೆ. ಅಪ್ಪ ಪಕ್ಕದಲ್ಲೇ ನಿಂತಿದ್ದ. ನೋಡಿದ, ಏನೂ ಹೇಳಲಿಲ್ಲ.

ಅಪ್ಪನ ಇಂಗ್ಲಿಷ್ ಇದ್ದದ್ದು ಬೆರಳುಗಳಲ್ಲಿ. ಯಾವುದಾದರೂ ಪದದ ಸ್ಪೆಲಿಂಗ್ ಕೇಳಿದರೆ ತಕ್ಷಣ ಹೇಳುತ್ತಿರಲಿಲ್ಲ. ತೊಡೆಯ ಮೇಲೆ ಎರಡೂ ಕೈಯಿಟ್ಟು ಬೆರಳಾಡಿಸಿ, ಬೆರಳು ಹೋದ ದಾರಿ ನೋಡಿಕೊಂಡು ಆಮೇಲೆ ಒಂದೊಂದೇ ಅಕ್ಷರ ಹೇಳುತ್ತಿದ್ದ. ಒಮ್ಮೆಯೂ ತಪ್ಪಿದ್ದಿಲ್ಲ. ಆದರೆ ಅರ್ಥ ಕೇಳಿದರೆ ಮಾತ್ರ ಸಿಕ್ಕುತ್ತಿರಲಿಲ್ಲ. ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಅವನ ಕಾಗದದಲ್ಲಿ ಕಂಡ ಪದ ತೋರಿಸಿ, "ಅಪ್ಪಾ, ಪರ್ಪೆಚ್ಯುಯಿಟಿ ಅಂದ್ರೇನು?" ಅಂತ ಕೇಳಿದೆ.

"ಅದಾ? ಅದು ಪೂರಾ ಮೇಲಿನ ಸಾಲು" ಅಂದ ಅಪ್ಪ.

ಅರ್ಥ ಕೇಳಿದರೆ ಸಾಲು ಹೇಳುವ ಮನುಷ್ಯ! ನಾನು ಶಾಲೆಯ ಲೈಬ್ರರಿಯ ನಿಘಂಟಿನಲ್ಲಿ ನೋಡಿದೆ. ಎಂದೆಂದಿಗೂ ಇರುವಂಥದ್ದು, ಕೊನೆಯಿಲ್ಲದ ಕಾಲ. ಜಮೀನಿನ ಹಕ್ಕನ್ನು ಶಾಶ್ವತವಾಗಿ ಬರೆದುಕೊಡುವ ಕಾಗದಗಳಲ್ಲಿ ಬರುತ್ತದೆ. ಅವತ್ತಿನಿಂದ ನಮ್ಮಿಬ್ಬರ ನಡುವೆ ಒಂದು ಆಟ ಶುರುವಾಯಿತು. ಅವನು ಸಾಲು ಹೇಳುವುದು, ನಾನು ಅರ್ಥ ಹುಡುಕುವುದು.

ಮೇಲಿನ ಸಾಲಿನಲ್ಲಿ ಹತ್ತು ಅಕ್ಷರಗಳ ಪದಗಳು ಹಲವಾರಿವೆ. ಪ್ರೊಪ್ರೈಟರ್, ಅಂದರೆ ಮಾಲೀಕ. ರೆಪರ್ಟ್ವಾರ್, ಅಂದರೆ ಒಬ್ಬ ಕಲಾವಿದ ಅಥವಾ ನಾಟಕ ತಂಡ ಯಾವಾಗ ಬೇಕಾದರೂ ಆಡಿ ತೋರಿಸಬಲ್ಲ ಪ್ರಸಂಗಗಳ ಪಟ್ಟಿ. ನಮ್ಮ ಯಕ್ಷಗಾನ ಮೇಳಗಳಿಗೆ ಸರಿಯಾಗಿ ಹೊಂದುವ ಪದ. ಇನ್ನು ಪ್ರಾಪರ್ಟಿ, ಪವರ್, ಪೂರ್, ಪಿಟಿ, ಪೊಯೆಟ್ರಿ ಎಲ್ಲ ಅದೇ ಸಾಲು. ಆಸ್ತಿ, ಅಧಿಕಾರ, ಬಡವ, ಕನಿಕರ, ಕಾವ್ಯ... ಕೋರ್ಟಿನ ಎದುರಿನ ಜಗುಲಿಯಲ್ಲಿ ಕೂತವನಿಗೆ ಒಂದೇ ಸಾಲು ಸಾಕಾಗುವಂತಿದೆ ಅಲ್ಲವೇ? (ಕಾವ್ಯ ಅಲ್ಲಿಗೆ ಬರುತ್ತಿರಲಿಲ್ಲ, ಬಿಡಿ.) ನಡುವಿನ ಸಾಲಿನಲ್ಲಿರುವ ಸ್ವರ 'ಎ' ಒಂದೇ, ಹಾಗಾಗಿ ಅದು ಬಡ ಸಾಲು. ದನಗಳಿಗೆ ಹಾಕುವ ಲೂಸರ್ನ್ ಮೇವಿಗೆ ಇಂಗ್ಲಿಷಿನಲ್ಲಿ 'ಆಲ್ಫಾಲ್ಫಾ' ಅನ್ನುತ್ತಾರೆ, ಅದು ಅಲ್ಲಿಯ ದೊಡ್ಡ ಪದಗಳಲ್ಲೊಂದು. ಕೆಳಗಿನ ಸಾಲಿನಲ್ಲಿ ಸ್ವರವೇ ಇಲ್ಲ, ಪದವೂ ಇಲ್ಲ.

ಈ ಜೋಡಣೆ ಮಾಡಿದವನು ಅಮೆರಿಕದ ಮಿಲ್ವಾಕಿ ಊರಿನ ಕ್ರಿಸ್ಟೊಫರ್ ಶೋಲ್ಸ್. 1868ರಲ್ಲಿ ಅವನಿಗೂ ಅವನ ಜೊತೆಗಾರರಿಗೂ ಪೇಟೆಂಟ್ ಸಿಕ್ಕಿತು, 1874ರಲ್ಲಿ ರೆಮಿಂಗ್ಟನ್ ಕಂಪನಿಯ ಯಂತ್ರ ಮಾರಾಟಕ್ಕೆ ಬಂತು. ಗಿರಾಕಿಯ ಎದುರು ಸೇಲ್ಸ್‌ಮನ್‌ಗಳು 'ಟೈಪ್‌ರೈಟರ್' ಅನ್ನುವ ಪದವನ್ನು ಪಟಪಟನೆ ಹೊಡೆದು ತೋರಿಸಲಿ ಅಂತಲೇ ಅದರ ಅಕ್ಷರಗಳನ್ನೆಲ್ಲ ಒಂದೇ ಸಾಲಿನಲ್ಲಿಟ್ಟರು ಅಂತ ಒಂದು ಕತೆಯಿದೆ. ಚೆನ್ನಾಗಿದೆ, ಆದರೆ ಅದಕ್ಕೆ ದಾಖಲೆಯಿಲ್ಲ.

ಸಾಲಿನ ಆಟಕ್ಕಿಂತ ಅಪ್ಪನಿಗೆ ಇಷ್ಟವಾದದ್ದು ಕೈಯ ಆಟ. ಟೈಪಿಂಗ್ ಕಲಿತವರಿಗೆ ಗೊತ್ತಿರುತ್ತದೆ, ಯಾವ ಅಕ್ಷರ ಯಾವ ಬೆರಳಿಗೆ ಅನ್ನುವುದು ಕಟ್ಟುನಿಟ್ಟು. ಇಪ್ಪತ್ತಾರರಲ್ಲಿ ಎಡಗೈಗೆ ಹದಿನೈದು, ಬಲಗೈಗೆ ಹನ್ನೊಂದು. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬರುವ ಇ, ಎ, ಟಿ, ಆರ್, ಎಸ್ ಎಲ್ಲ ಎಡಗೈ ಪಾಲಿಗೇ ಬಂದಿವೆ. ಹಾಗಾಗಿ ಎಡಗೈ ಒಂದರಿಂದಲೇ ಮುಗಿಯುವ ಪದಗಳು ಸಾವಿರಗಟ್ಟಲೆ ಇವೆ. ಬಲಗೈಯವು ಅದರ ಮುಂದೆ ತೀರಾ ಕಡಿಮೆ. ಲಾಲಿಪಾಪ್, ಮೊನೊಪಲಿ (ಏಕಸ್ವಾಮ್ಯ), ಪಾಲಿಫನಿ (ಹಲವು ಸ್ವರಧಾರೆಗಳು ಒಟ್ಟೊಟ್ಟಿಗೆ ಹರಿಯುವ ಸಂಗೀತ), ಹೀಗೆ. ಬಲಗೈಯಲ್ಲಿ ನನಗೆ ಸಿಕ್ಕ ಉದ್ದದ ಪದ ಹನ್ನೊಂದು ಅಕ್ಷರದ 'ಹೈಪೊಲಿಮ್ನಿಯನ್'. ಆಳವಾದ ಕೆರೆ ಸರೋವರಗಳಲ್ಲಿ ಬೇಸಿಗೆಯಲ್ಲಿ ಮೇಲಿನ ನೀರು ಬಿಸಿಯಾದರೂ ಅಡಿಯಲ್ಲಿ ತಣ್ಣಗೆ, ಕಲಕದೆ ಉಳಿಯುವ ನೀರಿನ ಪದರಕ್ಕೆ ಆ ಹೆಸರು.

ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಈ ಆಟ ನಿಂತುಹೋಯಿತು. ಕೋರ್ಟಿನ ಎದುರು ಡಿಟಿಪಿ ಅಂಗಡಿಗಳು ಬಂದವು. ಅಪ್ಪನ ಮೇಜಿಗೆ ಬರುವವರು ಕಡಿಮೆಯಾದರು. 2001ರ ದೀಪಾವಳಿಗೆ ಊರಿಗೆ ಹೋದಾಗ ನಾನು ದೊಡ್ಡ ಮನುಷ್ಯನ ಹಾಗೆ, "ಅಪ್ಪಾ, ಇನ್ನು ಇದನ್ನ ಗುಜರಿಗೆ ಹಾಕು. ಮನೇಲಿ ಆರಾಮಾಗಿರು" ಅಂದೆ. ಅಪ್ಪ ರಿಬ್ಬನ್ ತಿರುಗಿಸಿ ಹಾಕುತ್ತಿದ್ದವನು ತಲೆಯೆತ್ತಲಿಲ್ಲ.

2003ರಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಮಿದುಳಿನ ಎಡಭಾಗಕ್ಕೆ ಏಟಾದರೆ ದೇಹದ ಬಲಭಾಗ ಹೋಗುತ್ತದೆ ಅನ್ನುವುದು ನನಗೆ ಗೊತ್ತಾದದ್ದೇ ಆವಾಗ. ಬಲಗೈ, ಬಲಗಾಲು, ಬಾಯಿಯ ಬಲಮೂಲೆ. ನಾವು ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತಿತ್ತು, ಅವನು ಹೇಳಿದ್ದು ನಮಗೆ ಆಗುತ್ತಿರಲಿಲ್ಲ. ತೊದಲಿ ತೊದಲಿ ನಾಲ್ಕು ಸಲ ಹೇಳಿ, ನಾವು ನಾಲ್ಕು ಸಲವೂ ಬೇರೆ ಏನೋ ತಂದುಕೊಟ್ಟು, ಕೊನೆಗೆ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದ. ಎಡಗೈಯಲ್ಲಿ ಪೆನ್ನು ಹಿಡಿದರೆ ಬರೀ ಗೀಚು.

ಮೂರನೇ ವಾರ ಇರಬೇಕು. ಅಮ್ಮ ಕೋಣೆ ಗುಡಿಸಲು ಟೈಪ್‌ರೈಟರ್ ಎತ್ತಿ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟಿದ್ದಳು. ಅಪ್ಪ ಎಡಗೈ ಚಾಚಿ ಹೊದಿಕೆ ಸರಿಸಿದ. ನಾನು ಒಂದು ಹಾಳೆ ಹಾಕಿಕೊಟ್ಟೆ. ಟಪ್ ಟಪ್ ಟಪ್ ಟಪ್ ಟಪ್. ಐದು ಅಕ್ಷರ. ಡಬ್ಲ್ಯು ಎ ಟಿ ಇ ಆರ್.

"ನಲವತ್ತು ವರ್ಷ ಸಂಸಾರ ಮಾಡಿ ಈಗ ನನ್ನ ಹತ್ರ ಇಂಗ್ಲಿಷಲ್ಲಿ ನೀರು ಕೇಳ್ತಿದಾರಲ್ಲೋ!" ಅಂತ ಅಮ್ಮ ಅತ್ತುಕೊಂಡೇ ನಕ್ಕು ಲೋಟ ತಂದಳು.

ಒಂದು ಕೈಯಲ್ಲಿ ಯಾವ ಅಕ್ಷರ ಬೇಕಾದರೂ ಹುಡುಕಿ ಒತ್ತಬಹುದಲ್ಲ ಅಂತ ನಿಮಗನಿಸಬಹುದು. ನನಗೂ ಹಾಗೇ ಅನಿಸಿತ್ತು. ಆದರೆ ಅಪ್ಪ ಕೀಲಿಮಣೆ ನೋಡಿ ಹೊಡೆದವನಲ್ಲ. ನಲವತ್ತು ವರ್ಷದ ಅಭ್ಯಾಸದಲ್ಲಿ ಅವನ ಎಡಗೈಗೆ ಗೊತ್ತಿದ್ದದ್ದು ಅದರ ಹದಿನೈದು ಅಕ್ಷರ ಮಾತ್ರ. ಉಳಿದದ್ದು ಬಲಗೈಯ ಕೆಲಸ ಅಂತ ಬಿಟ್ಟು ಮುಂದೆ ಹೋಗುತ್ತಿತ್ತು. ಹಾಗಾಗಿ ಕಾಫಿ ಬೇಕಾದರೆ ಸಿ ಎಫ್ ಎಫ್ ಇ ಇ ಅಂತ ಬೀಳುತ್ತಿತ್ತು, 'ಓ' ಇಲ್ಲ. ಡಾಕ್ಟರ್ ಅಂದರೆ ಡಿ ಸಿ ಟಿ ಆರ್. ಇವೆಲ್ಲ ಊಹೆಗೆ ಸಿಗುತ್ತಿದ್ದವು. ಲೈಟ್ ಅಂದರೆ ಜಿ ಟಿ, ಇದು ಸ್ವಲ್ಪ ಕಷ್ಟ. ಒಂದು ಸಲ ಬರೀ ಒಂದು 'ಡಬ್ಲ್ಯು' ಹೊಡೆದು ನಮ್ಮ ಮುಖ ನೋಡತೊಡಗಿದ. ನೀರಾ? ಅಲ್ಲ. ಕಿಟಕಿಯಾ? ಅಲ್ಲ. ಗಡಿಯಾರವಾ? ಅಲ್ಲ. ಎರಡು ದಿನ ಆ ಒಂದು ಅಕ್ಷರದ ಹಿಂದೆ ಬಿದ್ದಿದ್ದೆವು. ಕೊನೆಗೆ ನಾನು ಬೆಂಗಳೂರಿನ ಬಸ್ಸಿನಲ್ಲಿ ಕೂತಿದ್ದಾಗ ಹೊಳೆಯಿತು: ಪಿಲ್ಲೋ! ಪಿ ಐ ಎಲ್ ಎಲ್ ಓ ಪೂರಾ ಬಲಗೈ, ಕೊನೆಯ ಡಬ್ಲ್ಯು ಒಂದೇ ಎಡಗೈ. ಬಸ್ಸು ನಿಂತ ಕಡೆ ಇಳಿದು ಎಸ್‌ಟಿಡಿ ಬೂತಿನಿಂದ ಅಮ್ಮನಿಗೆ ಫೋನ್ ಮಾಡಿ, "ದಿಂಬು ಎತ್ತರಿಸಬೇಕಂತೆ" ಅಂದೆ. ಹಾಲು ಬೇಕಾದಾಗ ಏನು ಮಾಡಿದನೋ ಗೊತ್ತಿಲ್ಲ. 'ಮಿಲ್ಕ್' ಅನ್ನುವುದರಲ್ಲಿ ಎಡಗೈಗೆ ಒಂದು ಅಕ್ಷರವೂ ಇಲ್ಲ.

ಆ ವಾರ ಆಫೀಸಿನಲ್ಲಿ ಕೂತು, ಕಂಪ್ಯೂಟರಿನಲ್ಲಿದ್ದ ಪದಪಟ್ಟಿಯಿಂದ ಎಡಗೈಯ ಹದಿನೈದೇ ಅಕ್ಷರಗಳಿರುವ ಪದಗಳನ್ನು ಸೋಸುವ ಒಂದು ಸಾಲಿನ ಪ್ರೋಗ್ರಾಮ್ ಬರೆದೆ. ಉದ್ದದ ಪ್ರಕಾರ ಜೋಡಿಸಿ, ಪ್ರಿಂಟ್ ತೆಗೆದು, ನಿಘಂಟುಗಳನ್ನು ನೋಡಿ ಎದುರಿಗೆ ಕನ್ನಡದಲ್ಲಿ ಅರ್ಥ ಬರೆದುಕೊಂಡೆ. ಫಿಸಿಯೋಥೆರಪಿಯವರು ಕೈಗೆ, ಮನಸ್ಸಿಗೆ ಏನಾದರೂ ಕೆಲಸ ಕೊಡುತ್ತಿರಿ ಅಂದಿದ್ದರು. ಶನಿವಾರ ಅಪ್ಪನ ಎದುರು ಕೂತು ಒಂದೊಂದೇ ಪದ ಓದುವುದು, ಅವನು ಹೊಡೆಯುವುದು. ಹಳೇ ಆಟವೇ. ಈ ಸಲ ಸಾಲೂ ನಾನೇ, ಅರ್ಥವೂ ನಾನೇ.

ಹನ್ನೆರಡು ಅಕ್ಷರದವು ಮೂರು ಚೆನ್ನಾಗಿದ್ದವು. 'ಸ್ಟೂವರ್ಡೆಸಸ್', ವಿಮಾನದ ಗಗನಸಖಿಯರು. 'ರಿವರ್ಬರೇಟೆಡ್', ಅಂದರೆ ಮಾರ್ದನಿಸಿತು. 'ಡೀಸೆಗ್ರಿಗೇಟೆಡ್', ಅಂದರೆ ಜನಾಂಗದ ಹೆಸರಿನಲ್ಲಿ ಬೇರೆ ಬೇರೆ ಇಟ್ಟಿದ್ದವರನ್ನು ಒಟ್ಟಿಗೆ ಸೇರಿಸಿದ್ದು. ಕರಿಯರ ಮಕ್ಕಳಿಗೆ ಬೇರೆ ಶಾಲೆ ಇಡುವುದು ಸಂವಿಧಾನಕ್ಕೆ ವಿರುದ್ಧ ಅಂತ ಅಮೆರಿಕದ ಸುಪ್ರೀಂ ಕೋರ್ಟು 1954ರಲ್ಲಿ ತೀರ್ಪು ಕೊಟ್ಟ ಕತೆ ಹೇಳಿದೆ. ಅಪ್ಪ ಕೇಳಿಸಿಕೊಂಡು, ಕಿಟಕಿಯಾಚೆ ಕಾಣುವ ಹಳೇ ಹೋಟೆಲಿನ ದಿಕ್ಕಿಗೆ ಬೆರಳು ಮಾಡಿದ. ಅಲ್ಲಿ ಹಿಂದೆ ಕೆಲವರಿಗೆ ಹೊರಗೆ ಬೇರೆ ಲೋಟ ಇಡುತ್ತಿದ್ದರು. ಅರ್ಥವಾಗಿದೆ ಅಂತ ನನಗೆ ಅರ್ಥವಾಯಿತು.

ಪಟ್ಟಿಯ ತುದಿಯಲ್ಲಿ ಹದಿನಾಲ್ಕು ಅಕ್ಷರದ್ದು ಎರಡು. 'ಆಫ್ಟರ್‌ಕ್ಯಾಟರಾಕ್ಟ್ಸ್', ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೂ ಮತ್ತೆ ಕವಿಯುವ ಮಸುಕು. ಇನ್ನೊಂದು 'ಟೆಸ್ಸರಡೆಕೇಡ್ಸ್', ಹದಿನಾಲ್ಕರ ಗುಂಪುಗಳು ಅಂತ ಅರ್ಥ. ಹದಿನಾಲ್ಕು ಅಂತ ಹೇಳುವ ಪದದಲ್ಲಿ ಸರಿಯಾಗಿ ಹದಿನಾಲ್ಕು ಅಕ್ಷರ! ಇದನ್ನು ಹೇಳಿದಾಗ ಅಪ್ಪನಿಗೆ ನಂಬಿಕೆ ಬರಲಿಲ್ಲ. ಹೊಡೆದ ಹಾಳೆಯ ಮೇಲೆ ಬೆರಳಿಟ್ಟು ತಾನೇ ಎಣಿಸಿದ. ಆಮೇಲೆ ಬಾಯಿಯ ಎಡಮೂಲೆ ಮೇಲೆದ್ದಿತು. ಕಾಯಿಲೆ ಬಿದ್ದ ಮೇಲೆ ನಾನು ನೋಡಿದ ಮೊದಲ ನಗು ಅದು. ಇಂಥ ಉಪಯೋಗಕ್ಕೆ ಬಾರದ ಪದಕ್ಕೆ ನಾನು ಇವತ್ತಿಗೂ ಋಣಿ.

ಒಂದು ಸಂಜೆ ನಾನು ಒಳಗೆ ಊಟ ಮಾಡುತ್ತಿದ್ದೆ. ಟಪ್ ಟಪ್ ಅಂತ ತಾನಾಗಿಯೇ ಏನೋ ಹೊಡೆಯುವುದು ಕೇಳಿಸಿತು. ಬಂದು ನೋಡಿದರೆ ಹಾಳೆಯ ಮೇಲೆ 'ಡಿಸೀಸ್ಡ್' ಅಂತಿದೆ. ಮೃತ. ಅದರ ಕೆಳಗೆ ಇನ್ನೊಂದು ಸಲ. ನನ್ನ ಕೈ ತಣ್ಣಗಾಯಿತು. "ಯಾಕಪ್ಪಾ ಹೀಗೆಲ್ಲ?" ಅಂತ ಹಾಳೆ ಕೀಳಹೋದೆ. ಅಪ್ಪ ನನ್ನ ಕೈ ತಡೆದು, ಒಂದರ ಕೆಳಗೊಂದು ಹೊಡೆಯುತ್ತಾ ಹೋದ. ಡೆಟ್. ಅರಿಯರ್ಸ್. ಡಿಕ್ರೀ. ಎಸ್ಟೇಟ್. ಅರೆಸ್ಟೆಡ್. ಡೆಸರ್ಟೆಡ್. ಅಗ್ರವೇಟೆಡ್. ಸಾಲ, ಬಾಕಿ, ಕೋರ್ಟಿನ ಡಿಕ್ರೀ, ಬಿಟ್ಟುಹೋದ ಆಸ್ತಿ, ದಸ್ತಗಿರಿ, ತೊರೆದುಹೋದ ಗಂಡ, ಹೆಚ್ಚಿದ ಅಪರಾಧ. ನನ್ನ ಪಟ್ಟಿಯಿಂದಲ್ಲ, ಅವನ ಜಗುಲಿಯಿಂದ ಬಂದ ಪದಗಳು. ಕೋರ್ಟಿನ ಶಬ್ದಕೋಶದಲ್ಲಿ ಅರ್ಧಕ್ಕರ್ಧ ಎಡಗೈಯದ್ದು ಅಂತ ತೋರಿಸುತ್ತಿದ್ದ, ಅಷ್ಟೇ! ನಾನು ನೂರು ಸಾವು ಯೋಚಿಸಿಬಿಟ್ಟಿದ್ದೆ. (ಅಂದ ಹಾಗೆ, ಎಡಗೈಯೇ ಅಪಶಕುನ ಅಂತ ಯಾರೂ ತಿಳಿಯಬೇಡಿ. ಸ್ವೀಟ್ಸ್, ಗ್ರೇಸ್, ರೆಸ್ಟ್ ಕೂಡ ಎಡಗೈಯವೇ.)

"ಇವುಗಳ ಅರ್ಥ ನಿಂಗೆ ಗೊತ್ತಿತ್ತಾ?" ಅಂತ ಕೇಳಿದೆ. ಅಪ್ಪ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದ. ಅಡುಗೆಮನೆಯಿಂದ ಅಮ್ಮನೇ ಉತ್ತರ ಕೊಟ್ಟಳು. "ಅವರಿಗೆ ಗೊತ್ತಿಲ್ದೆ ಏನು? ಹಳ್ಳಿಯಿಂದ ಬಂದೋರು ಕಾಗದ ಹಿಡ್ಕೊಂಡು 'ಸಾಮಿ, ಇದ್ರಾಗೆ ಏನು ಬರ್ದೈತೆ' ಅಂತ ಕೇಳೋರು. ಒಂದ್ಸಲ ಹೇಳಿದ್ದಕ್ಕೆ ಲಾಯರು ಬಂದು ಕೂಗಾಡಿ, ಆರು ತಿಂಗಳು ಒಂದು ಕಾಗದ ಕಳಿಸಲಿಲ್ಲ. ಅಕ್ಕ ಆಗ ಹೊಟ್ಟೇಲಿದ್ದಳು. ಅವತ್ತಿಂದ ಯಾರು ಕೇಳಿದ್ರೂ ಗೊತ್ತಿಲ್ಲ ಅನ್ನೋದೇ ಅಭ್ಯಾಸ ಮಾಡ್ಕೊಂಡ್ರು. ನಿಂಗೂ ಅದನ್ನೇ ಹೇಳಿದ್ರು."

ಪರ್ಪೆಚ್ಯುಯಿಟಿ ಅಂದರೆ ಮೇಲಿನ ಸಾಲು ಅಂದವನಿಗೆ ಅದರ ಅರ್ಥ ಗೊತ್ತಿತ್ತು. ನಾನು ಅಷ್ಟೂ ವರ್ಷ ಅಪ್ಪನಿಗೆ ಬೆರಳಷ್ಟೇ ಇಂಗ್ಲಿಷ್ ಅಂತ ಗೆಳೆಯರಿಗೆಲ್ಲ ತಮಾಷೆಯಾಗಿ ಹೇಳಿಕೊಂಡು ತಿರುಗಿದ್ದೆ. ಅವತ್ತು ರಾತ್ರಿ 'ಖಾಸಗಿ ನೌಕರಿ'ಯ ವಿಷಯ ಎತ್ತಿದೆ. ಕ್ಷಮೆ ಕೇಳಬೇಕು ಅಂತಿದ್ದೆ, ಅದು ಬಾಯಿಗೆ ಬರಲಿಲ್ಲ, ಸುಮ್ಮನೆ ನೆನಪಿದೆಯಾ ಅಂತ ಕೇಳಿದೆ. ಅಪ್ಪ ಯೋಚಿಸಿ 'ಆಫ್ಟರ್‌ವರ್ಡ್ಸ್' ಅಂತ ಹೊಡೆದ. ಹತ್ತಕ್ಕೆ ಹತ್ತೂ ಎಡಗೈ ಅಕ್ಷರ. ಆಮೇಲೆ. ಆಮೇಲೆ ಮಾತಾಡೋಣ ಅಂತಲೋ, ಅದೆಲ್ಲ ಆಗಿ ಎಷ್ಟು ಕಾಲವಾಯಿತು ಅಂತಲೋ, ಅಥವಾ ನಾನು ಮತ್ತೆ ಪದದ ಆಟಕ್ಕೆ ಬಂದೆ ಅಂದುಕೊಂಡನೋ, ನನಗೆ ಗೊತ್ತಾಗಲಿಲ್ಲ.

ಏಳೆಂಟು ತಿಂಗಳಿಗೆ ಬಲಗೈಯ ತೋರುಬೆರಳು ಸ್ವಲ್ಪ ಸ್ವಲ್ಪ ಆಡತೊಡಗಿತು. ಆಗ ಬೇರೆ ಪಟ್ಟಿ ಬೇಕಾಯಿತು, ಎಡ ಬಲ ಎಡ ಬಲ ಅಂತ ಕೈ ಬದಲಾಗುತ್ತಾ ಹೋಗುವ ಪದಗಳದ್ದು. ಅದರಲ್ಲಿ ನನಗೆ ಸಿಕ್ಕ ಒಳ್ಳೆಯದು 'ಡಿಸ್ಮ್ಯಾಂಟಲ್‌ಮೆಂಟ್', ಹದಿಮೂರು ಅಕ್ಷರ, ಒಂದು ಅಕ್ಷರವೂ ಸರದಿ ತಪ್ಪುವುದಿಲ್ಲ. ಬಿಡಿಭಾಗಗಳಾಗಿ ಕಳಚಿ ಹಾಕುವುದು ಅಂತ ಅರ್ಥ. ಅದನ್ನು ಹೊಡೆಯಲು ಮೊದಲ ದಿನ ಅಪ್ಪನಿಗೆ ಹತ್ತು ನಿಮಿಷ ಹಿಡಿಯಿತು. ಬಲಗೈಯ ಅಕ್ಷರ ಬಂದಾಗಲೆಲ್ಲ ಯಂತ್ರ ಕಾಯುತ್ತಾ ಕೂರುತ್ತಿತ್ತು, ನಾವೂ. ಯುಗಾದಿಯ ಹೊತ್ತಿಗೆ ಒಂದು ನಿಮಿಷಕ್ಕೆ ಬಂದ. ಮಾತೂ ಸುಮಾರಾಗಿ ತಿರುಗಿತು. ಮತ್ತೆ ಜಗುಲಿಗೆ ಹೋಗಲಿಲ್ಲ.

ಅಪ್ಪ ಹೋದದ್ದು 2010ರಲ್ಲಿ. ಮರುವರ್ಷ ಪೇಪರಿನಲ್ಲಿ ಟೈಪ್‌ರೈಟರಿನ ಸುದ್ದಿ ಬಂದಿತ್ತು. 1955ರಿಂದ ಇಲ್ಲಿ ಟೈಪ್‌ರೈಟರ್ ಮಾಡುತ್ತಿದ್ದ ಗೋದ್ರೆಜ್ ಕಂಪನಿ 2009ರಲ್ಲೇ ತಯಾರಿಕೆ ನಿಲ್ಲಿಸಿತ್ತಂತೆ. ನಮ್ಮ ರೆಮಿಂಗ್ಟನ್ ಈಗ ಅಕ್ಕನ ಮನೆಯಲ್ಲಿದೆ. ರಿಬ್ಬನ್ ಒಣಗಿದೆ. ಅಕ್ಕನ ಮಗಳು ಆಗಾಗ ಹಾಳೆ ಹಾಕಿ ಹೊಡೆಯುತ್ತಾಳೆ, ಅಕ್ಷರದ ತಗ್ಗು ಮಾತ್ರ ಬೀಳುತ್ತದೆ, ಬೆಳಕಿಗೆ ಹಿಡಿದು ಓದಬೇಕು.

ಇದನ್ನು ನಾನು ಟೈಪಿಸುತ್ತಿರುವುದು ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯಲ್ಲಿ, ನುಡಿ ತಂತ್ರಾಂಶದಲ್ಲಿ ಇರುವುದೂ ಅದೇ ವಿನ್ಯಾಸ. ಹಳೇ ಚಾಳಿ, ಇಲ್ಲೂ ಸಾಲು ಹುಡುಕುತ್ತೇನೆ. ಟ, ಡ, ಎ, ರ, ತ, ಯ, ಉ, ಇ, ಒ, ಪ ಎಲ್ಲ ಮೇಲಿನ ಸಾಲು. ಹಾಗಾಗಿ ಪುಟ, ಊರು, ಪೇಟೆ, ತುಟಿ, ಉಡುಪಿ, ತಿರುಪತಿ ಎಲ್ಲ ಒಂದೇ ಸಾಲಿನಲ್ಲಿ ಮುಗಿಯುತ್ತವೆ. 'ನೀರು' ಅಂತ ಬರೆಯಲು ಎಡಗೈಗೆ ಸಿಗುವ ಅಕ್ಷರ 'ರ' ಒಂದೇ, ಅಪ್ಪ ಕನ್ನಡದಲ್ಲಿ ಕೇಳಿದ್ದರೆ ನಾವು ಪರದಾಡುತ್ತಿದ್ದೆವು. 'ಅಪ್ಪ' ಅಂತ ಬರೆಯಲು ಒತ್ತಬೇಕಾದ್ದು ನಾಲ್ಕು ಕೀ. ಅ ಎಡಗೈ, ಪ ಬಲಗೈ, ಒತ್ತಿನ ಕೀ ಎಡಗೈ, ಮತ್ತೆ ಪ ಬಲಗೈ.

ಬಲಗೈಯಲ್ಲಿ ಹನ್ನೊಂದಕ್ಕಿಂತ ಉದ್ದದ ಇಂಗ್ಲಿಷ್ ಪದ, ಅಥವಾ ಕನ್ನಡ ಕೀಲಿಮಣೆಯ ಮೇಲಿನ ಸಾಲಿನಲ್ಲಿ 'ತಿರುಪತಿ'ಗಿಂತ ಉದ್ದದ್ದು ನಿಮಗೆ ಹೊಳೆದರೆ ತಿಳಿಸಿ. ಅರ್ಥವನ್ನೂ ಬರೆಯಿರಿ.